ಕಿವಿಯಿಂದ ಕೊಂಡ ಕಂಪ್ಯೂಟರು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದ ಹಿರಿಯರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದಿದ್ದರೆ, ಜಗಳ ಶುರುವಾಗುವುದೇ ಉಂಡು ಮಲಗಿದ ಮೇಲೆ ಎಂಬುದು ಅವರಿಗೂ ತಿಳಿಯುತ್ತಿತ್ತು.

ಇದು ಶ್ಶ್ ಸಾಹೇಬರ ಅನುಭವಾಮೃತ. ಸಾಹೇಬರು ಗ್ರಂಥಪಾಲರು. ಓದುವ ಕೋಣೆಯಲ್ಲಿ ಯಾರಾದರೂ ಕುರ್ಚಿ ಎಳೆದರೆ, ಪುಟವನ್ನು ಕೊಂಚ ಉತ್ಸಾಹದಿಂದ ತಿರುವಿದರೆ, ಕಡೆಗೆ ಗಟ್ಟಿಯಾಗಿ ಯೋಚಿಸಿದರೂ ಸಾಕು, ಕೌಂಟರಿನ ಹಿಂದಿನಿಂದ ಕುಕ್ಕರಿನ ಹಬೆಯಂತೆ ‘ಶ್ಶ್!’ ಎಂದು ಹೊರಡುತ್ತಿತ್ತು. (ಇಡೀ ಗ್ರಂಥಾಲಯದಲ್ಲಿ ಅತಿ ಜೋರಾದ ಸದ್ದು ಅದೇ ಎಂದು ಓದುಗರ ಒಮ್ಮತದ ಅಭಿಪ್ರಾಯ. ಆದರೆ ಹೇಳಲು ಬಾಯಿ ತೆರೆಯಬೇಕಲ್ಲ!) ಹೀಗಾಗಿ ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅವರ ಹೆಂಡತಿ ಹಲ್ಲಿನ ಡಾಕ್ಟರು. ವಾರವಿಡೀ ಊರವರ ಬಾಯಿಯೊಳಗೆ ಕೊರೆಯುವ ಯಂತ್ರ ಓಡಿಸಿ, ಭಾನುವಾರ ಮಧ್ಯಾಹ್ನ ಊಟ ಮುಗಿದದ್ದೇ ತಡ, ಕಂಪ್ಯೂಟರಿನ ಮುಂದೆ ಕೂತು ಯುದ್ಧ ಮಾಡುತ್ತಿದ್ದರು. “ಕ್ಲಿನಿಕ್ಕಲ್ಲಿ ಯಾರ ಮೇಲೂ ಕೈ ಮಾಡೋ ಹಾಗಿಲ್ಲ ರೀ. ಇಲ್ಲಾದ್ರೂ ಮಾಡ್ಕೊಳ್ತೀನಿ ಬಿಡಿ” ಎಂಬುದು ಅವರ ಯುದ್ಧನೀತಿ. ಅವರದೊಂದು ತಂಡ. ಎಲ್ಲರೂ ಅವರವರ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು, ಒಬ್ಬರಿಗೊಬ್ಬರು ಕೂಗಿ ಹೇಳುತ್ತ ಆಡುವ ಆಟ. ಡಾಕ್ಟರಮ್ಮನ ತಮ್ಮ, ಅಂದರೆ ಸಾಹೇಬರ ಬಾಮೈದ, ಅದೇ ತಂಡದ ನಾಯಕ.

ಯುದ್ಧಭೂಮಿ ಇದ್ದದ್ದು ಮಲಗುವ ಕೋಣೆಯಲ್ಲಿ. ಹಾಲಿನಲ್ಲಿಟ್ಟರೆ ದೊಡ್ಡ ಕಿಟಕಿಯ ಬೆಳಕು ಪರದೆಗೆ ಹೊಡೆದು ಶತ್ರುಗಳು ಕಾಣುತ್ತಿರಲಿಲ್ಲ. ಕಂಪ್ಯೂಟರಿನ ಮೇಜಿಗೂ ಸಾಹೇಬರ ಮಂಚಕ್ಕೂ ನಡುವೆ ಒಂದು ಕುರ್ಚಿ ಹಿಡಿಸುವಷ್ಟು ಜಾಗ. ಹಳೆಯ ಕಂಪ್ಯೂಟರು ಶುರುವಾದರೆ ಹಿಟ್ಟಿನ ಗಿರಣಿಯೇ ಮನೆಗೆ ಬಂದಂತೆ. ಆರು ದಿನ ಲೋಕಕ್ಕೆಲ್ಲ ಮೌನ ಹಂಚುವ ಮನುಷ್ಯನಿಗೆ ಏಳನೆಯ ದಿನ ತನ್ನ ಪಾಲಿನ ಮೌನ ಬೇಡವೇ? ಭಾನುವಾರದ ಆ ಒಂದು ಮಧ್ಯಾಹ್ನದ ನಿದ್ದೆಗಾಗಿ ಸಾಹೇಬರು ಸೋಮವಾರದಿಂದ ಆಕಳಿಸುತ್ತಿದ್ದರು. ತಮ್ಮದು ಕೋಳಿ ನಿದ್ದೆ, ಸೂಜಿ ಬಿದ್ದರೂ ಎಚ್ಚರ ಎಂದು ಅವರು ಎಲ್ಲರ ಬಳಿ ಹೇಳಿಕೊಳ್ಳುತ್ತಿದ್ದರು. ಹೆಂಡತಿಯದು ಕಲ್ಲು ನಿದ್ದೆಯಾದ್ದರಿಂದ ಅದನ್ನು ಅಲ್ಲಗಳೆಯಲು ಯಾರೂ ಎದ್ದಿರುತ್ತಿರಲಿಲ್ಲ.

ಇಂತಿರಲು ಒಂದು ದಿನ ಆ ಗಿರಣಿ ತಾನಾಗಿಯೇ ಕಣ್ಣು ಮುಚ್ಚಿತು. ಡಾಕ್ಟರಮ್ಮ ಶೋಕಿಸಿದರು. ಸಾಹೇಬರೂ ಶೋಕಿಸಿದಂತೆ ಮುಖ ಮಾಡಿದರು. ಆಟದ ಪಂದ್ಯಾವಳಿ ಹತ್ತಿರ ಬಂದಿತ್ತು, ಹೊಸದನ್ನು ಕೊಳ್ಳಲೇಬೇಕು. ಅಕ್ಕ ತಮ್ಮ ಫೋನಿನಲ್ಲಿ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎಂದು ಚರ್ಚಿಸುತ್ತಿರುವಾಗ ಸಾಹೇಬರ ತಲೆಯಲ್ಲಿ ದೀಪ ಹೊತ್ತಿತು.

“ಈ ಸಲ ಬಿಡಿಭಾಗಗಳನ್ನೆಲ್ಲ ಆರಿಸೋದು ನಾನು” ಎಂದರು.

“ನೀವಾ? ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಏನು ಗೊತ್ತಾ ನಿಮಗೆ?”

“ಗೊತ್ತಿಲ್ಲ. ಅದು ಕಿರುಚುತ್ತೆ ಅಂತ ಮಾತ್ರ ಗೊತ್ತು.”

“ಆಡೋಳು ನಾನು ರೀ!”

“ಪಕ್ಕದಲ್ಲಿ ಮಲಗೋನು ನಾನು! ವೇಗ ನೀನು ನೋಡ್ಕೋ, ಸದ್ದು ನಾನು ನೋಡ್ಕೋತೀನಿ. ನನ್ನ ಕಿವಿ ದಾಟದೆ ಒಂದು ಸ್ಕ್ರೂ ಕೂಡ ಈ ಮನೆಯೊಳಗೆ ಬರೋ ಹಾಗಿಲ್ಲ.”

ಕಣ್ಣಿನಿಂದ ಕಂಪ್ಯೂಟರ್ ಕೊಂಡವರುಂಟು, ಕಿಸೆಯಿಂದ ಕೊಂಡವರುಂಟು. ಕಿವಿಯಿಂದ ಕೊಳ್ಳಲು ಹೊರಟವರು ಇವರೊಬ್ಬರೇ.

ಅಂಗಡಿಯಾತ ನರೆತ ಮೀಸೆಯ, ಯಾವುದಕ್ಕೂ ಬೆರಗಾಗದ ಮನುಷ್ಯ. “ಯಾವ ಆಟ ಆಡ್ತೀರಿ ಸಾರ್?” ಎಂದು ವಾಡಿಕೆಯಂತೆ ಕೇಳಿದ.

“ಆಡಲ್ಲ, ಮಲಗ್ತೀನಿ” ಎಂದರು ಸಾಹೇಬರು.

ಅಲ್ಲಿಂದ ಶುರುವಾಯಿತು ಶ್ರವಣಪರೀಕ್ಷೆ. ಸಾಹೇಬರು ಒಂದೊಂದೇ ಫ್ಯಾನನ್ನು ಓಡಿಸಲು ಹೇಳಿ, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರಂತೆ ತಲೆ ವಾಲಿಸಿ ಆಲಿಸಿದರು. ಚಿಕ್ಕ ಫ್ಯಾನು ಗಾಳಿಗಾಗಿ ಜೋರಾಗಿ ತಿರುಗಬೇಕು, ಅದಕ್ಕೇ ಕಿರುಚುತ್ತದೆ; ದೊಡ್ಡದು ನಿಧಾನಕ್ಕೆ ತಿರುಗಿದರೂ ಸಾಕು ಎಂದು ಅಂಗಡಿಯಾತ ವಿವರಿಸಿದ. “ಹೌದು ಹೌದು, ನಮ್ಮಲ್ಲೂ ಹಾಗೇ. ಮಕ್ಕಳ ವಿಭಾಗದ್ದೇ ಗಲಾಟೆ” ಎಂದು ಸಾಹೇಬರು ಇದ್ದುದರಲ್ಲೇ ದೊಡ್ಡ ಫ್ಯಾನುಗಳನ್ನು ಎತ್ತಿಟ್ಟರು. ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡೊಂದು ಹೆಂಡತಿಗೂ ಒಪ್ಪಿಗೆಯಾಯಿತು, ಗಂಡನಿಗೂ ಒಪ್ಪಿಗೆಯಾಯಿತು. ಮದುವೆಯಾದ ಮೇಲೆ ಇಬ್ಬರೂ ಒಪ್ಪಿದ ಮೊದಲ ವಸ್ತು ಅದು. ಪವರ್ ಸಪ್ಲೈ ಡಬ್ಬಕ್ಕೆ ಕಿವಿ ಕೊಟ್ಟವರು ಮಾತ್ರ ಹುಬ್ಬು ಗಂಟು ಹಾಕಿದರು.

“ಇದರೊಳಗೆ ಸೊಳ್ಳೆ ಇದೆ.”

“ಹೊಸ ಮಾಲು ಸಾರ್. ಈಗ್ತಾನೆ ಡಬ್ಬ ಒಡೆದೆ.”

“ಹೊಸ ಸೊಳ್ಳೆ. ಗುಂಯ್ ಅಂತಿದೆ. ಬೇರೆ ಕೊಡಿ.”

ಅಂಗಡಿಯಾತ ಕಿವಿಯಿಟ್ಟ. ಡಾಕ್ಟರಮ್ಮ ಕಿವಿಯಿಟ್ಟರು. ಅಲ್ಲಿದ್ದ ಗಿರಾಕಿಗಳೆಲ್ಲ ಸಾಲಾಗಿ ಬಂದು ಕಿವಿಯಿಟ್ಟರು. ಯಾರಿಗೂ ಏನೂ ಕೇಳಲಿಲ್ಲ. “ಗಲಾಟೆ ಮಾಡಿದ್ರೆ ಹೇಗ್ರೀ ಕೇಳುತ್ತೆ? ಶ್ಶ್!” ಎಂದರು ಸಾಹೇಬರು. ಅಂಗಡಿಯೇ ಗಪ್‌ಚಿಪ್ಪಾಯಿತು. ಬಾಗಿಲಲ್ಲಿ ಹಾದುಹೋಗುತ್ತಿದ್ದವನೊಬ್ಬ ಚಪ್ಪಲಿ ಕೈಯಲ್ಲಿ ಹಿಡಿದು ನಡೆದನಂತೆ.

ಇವನ್ನೆಲ್ಲ ಕೂರಿಸುವ ಕ್ಯಾಬಿನೆಟ್ಟಿನ ಸರದಿ ಬಂದಾಗ ಡಾಕ್ಟರಮ್ಮನ ಕಣ್ಣು ಗಾಜಿನ ಬಾಗಿಲಿನ, ಒಳಗೆ ಬಣ್ಣಬಣ್ಣದ ದೀಪ ಹೊಳೆಯುವ ಒಂದರ ಮೇಲೆ ಬಿತ್ತು. ಸಾಹೇಬರು ಆರಿಸಿದ್ದು ಒಳಗೋಡೆಗೆಲ್ಲ ಸ್ಪಂಜು ಮೆತ್ತಿದ, ಮೂಲೆಯ ಬೀರುವಿನಂಥ ಕರಿಯ ಡಬ್ಬವನ್ನು.

“ಅಯ್ಯೋ, ಇದರಲ್ಲಿ ದೀಪ ಕಾಣೋದೇ ಇಲ್ವಲ್ಲ ರೀ!”

“ದೀಪ ಸದ್ದು ಮಾಡಲ್ಲ, ನನ್ನ ತಕರಾರಿಲ್ಲ. ಹಾಕಿಸ್ಕೋ. ಒಳಗೇ ಉರೀಲಿ.”

ಕೀಬೋರ್ಡುಗಳ ಕೀಲಿಗಳನ್ನೆಲ್ಲ ಒಂದೊಂದಾಗಿ ಒತ್ತಿ, ಟಕ್ ಎಂದದ್ದನ್ನೆಲ್ಲ ದೂರ ತಳ್ಳಿ, ಬೆಣ್ಣೆಯಲ್ಲಿ ಬೆರಳಿಟ್ಟಂತಿರುವುದೊಂದನ್ನು ಹಿಡಿದರು. ಹೆಡ್‌ಸೆಟ್ ಎರಡೂ ಕಿವಿಗೆ ದಿಂಬು ಕಟ್ಟಿದಂತಿತ್ತು. ಒಳಗಿನ ಗುಂಡಿನ ಸದ್ದು ಹೊರಗೆ ಬಾರದು, ಹೊರಗಿನದು ಒಳಗೆ ಹೋಗದು. ಇನ್ನು ಉಳಿದದ್ದು ಡಾಕ್ಟರಮ್ಮನ ಗಂಟಲು. ಅದನ್ನು ಬದಲಿಸಿ ಕೊಡುವ ಅಂಗಡಿ ಯಾವುದೂ ಇರಲಿಲ್ಲ. ಆದರೆ ಸಾಹೇಬರ ಬುದ್ಧಿ ಅಲ್ಲಿಗೂ ಹರಿಯಿತು.

“ಯುದ್ಧದಲ್ಲಿ ‘ಎಡಕ್ಕೆ, ಎಡಕ್ಕೆ’ ಅಂತ ಬೊಬ್ಬೆ ಹೊಡೀತೀಯಲ್ಲ, ಯಾಕೆ?”

“ಅವರಿಗೆ ಕೇಳ್ಬೇಡ್ವಾ?”

“ಪಿಸುಗುಟ್ಟಿದ್ರೂ ಕೇಳಿಸೋ ಮೈಕ್ ಇದೆಯೇನ್ರೀ?” ಎಂದು ಅಂಗಡಿಯಾತನತ್ತ ತಿರುಗಿದರು.

“ಮೇಜಿನ ಮೇಲಿಡೋ ಇದಿದೆ. ಆದ್ರೆ ತುಂಬಾ ಸೂಕ್ಷ್ಮ ಸಾರ್. ಗೋಡೆ ಮೇಲೆ ಹಲ್ಲಿ ಲೊಚಗುಟ್ಟಿದ್ರೂ ಬಿಡಲ್ಲ.”

“ಅದೇ ಬೇಕು!” ಎಂದರು ಸಾಹೇಬರು, ಯುದ್ಧ ಗೆದ್ದವರಂತೆ.

ಹೊಸ ಕಂಪ್ಯೂಟರು ಮನೆಗೆ ಬಂದು ಮೊದಲ ಭಾನುವಾರ. ಡಾಕ್ಟರಮ್ಮ ಗುಂಡಿ ಒತ್ತಿದರು. ಸದ್ದಿಲ್ಲ. ಕೆಟ್ಟಿದೆಯೇನೋ ಎಂದು ಮತ್ತೆ ಒತ್ತಿದರು, ಆರಿಹೋಯಿತು. ಇನ್ನೊಮ್ಮೆ ಒತ್ತಿ, ಪರದೆ ಬೆಳಗಿದ ಮೇಲೇ ನಂಬಿದ್ದು. ಪಿಸುಮಾತಿನಲ್ಲೇ ಸೇನೆ ಹೊರಟಿತು. ಸಾಹೇಬರು ಹೊದಿಕೆ ಎಳೆದುಕೊಂಡು, ಇಂದ್ರಪದವಿಯೂ ಇಷ್ಟು ಮೆತ್ತಗಿರಲಾರದು ಎಂದುಕೊಳ್ಳುತ್ತ ನಿದ್ದೆಹೋದರು.

ನಡುವೆ ಒಂದು ಫೋನಿಗೆ ಓಗೊಟ್ಟು ಮತ್ತೆ ಮಲಗಿದವರು ಎದ್ದಾಗ ಹೆಂಡತಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

“ಸೋತ್ವಿ ರೀ. ನಮ್ಮ ಕಡೆಯಿಂದ ಏನೋ ಭಯಂಕರ ಸದ್ದು ಬಂತಂತೆ. ಬಲಗಡೆಯಿಂದ ಶತ್ರುವಿನ ಟ್ಯಾಂಕು ಬಂತು ಅಂತ ಎಲ್ಲರೂ ಎಡಕ್ಕೆ ಓಡಿದ್ರು. ಅಲ್ಲೇ ಕಾದಿದ್ರು ಅವರು, ಒಬ್ಬೊಬ್ಬರನ್ನೇ ಹುರಿದುಬಿಟ್ರು.”

“ಸದ್ದಾ? ಈ ಕಂಪ್ಯೂಟರಿನಿಂದಾನಾ? ಸಾಧ್ಯವೇ ಇಲ್ಲ!”

“ಇನ್ನೊಂದೇ ಅವಕಾಶ ಇರೋದು. ಬರೋ ಭಾನುವಾರ ಗೆದ್ರೆ ಪಂದ್ಯಾವಳಿಗೆ ಹೋಗ್ತೀವಿ. ಅಷ್ಟರಲ್ಲಿ ಈ ಸದ್ದು ನಿಲ್ಲದಿದ್ರೆ ನನ್ನ ಜಾಗಕ್ಕೆ ಬೇರೆಯವರನ್ನ ಹಾಕ್ಕೊಳ್ತಾರಂತೆ. ಒಡಹುಟ್ಟಿದ ತಮ್ಮನೇ ಹೇಳ್ದ! ವರ್ಷದಿಂದ ಆಡಿದ್ದೆಲ್ಲ ನೀರಲ್ಲಿ ಹೋಮ.”

ಡಾಕ್ಟರಮ್ಮನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಆದರೆ ಸಾಹೇಬರ ಎದೆಗೆ ನಾಟಿದ್ದು ಬೇರೆ ಬಾಣ. ತಾವು ಕಿವಿಯಾರೆ ಆರಿಸಿದ ಯಂತ್ರಕ್ಕೆ ಕಳಂಕ! ಹಳೆಯ ಪತ್ರಿಕೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಡಬ್ಬಕ್ಕೆ, ಇನ್ನೊಂದು ತುದಿ ಕಿವಿಗೆ ಹಿಡಿದು ಮೂಲೆಮೂಲೆ ತಡಕಿದರು. ಒಳಗೆ ಮೌನವೋ ಮೌನ.

ವಾರದ ನಡುವೆ ಒಂದು ಸಂಜೆ ಅಭ್ಯಾಸದ ಆಟ. ಸಾಹೇಬರು ಪಕ್ಕದಲ್ಲೇ ಕಾವಲು ಕೂತರು. ಸದ್ದು ಬರಲೇ ಇಲ್ಲ.

“ನೋಡಿದ್ಯಾ? ದೋಷ ಅವರ ಕಿವೀಲಿದೆ” ಎಂದು ತೀರ್ಪು ಕೊಟ್ಟು, ಕೊಂಚ ಬೆನ್ನು ನೆಟ್ಟಗೆ ಮಾಡಿಕೊಳ್ಳೋಣವೆಂದು ಮಂಚಕ್ಕೆ ಒರಗಿದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಪರದೆಯಿಂದ ಕಣ್ಣು ತೆಗೆಯದೆ ಕಿರುಚಿದರು: “ರೀ, ಮತ್ತೆ ಬಂತಂತೆ!”

ಸಾಹೇಬರು ದಡಬಡಿಸಿ ಎದ್ದರು. “ಎಲ್ಲಿ? ಎಲ್ಲಿ?”

“...ನಿಂತುಹೋಯ್ತಂತೆ.”

“ಕಳ್ಳ ಸದ್ದು! ನಾನು ಪಕ್ಕಕ್ಕೆ ಬಂದ ತಕ್ಷಣ ಬಾಯಿ ಮುಚ್ಕೊಳ್ಳುತ್ತೆ. ನನಗೆ ಹೆದರುತ್ತೆ, ಗೊತ್ತಾಯ್ತಾ?” ಎಂದರು. ಇಷ್ಟು ವರ್ಷದ ವೃತ್ತಿಯಲ್ಲಿ ಬಂದ ವರ್ಚಸ್ಸು ಯಂತ್ರಗಳಿಗೂ ತಟ್ಟಿದೆಯಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

ಶನಿವಾರ ಸಂಜೆ ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರನ್ನು ಹಸುಗೂಸಿನಂತೆ ಕಂಬಳಿಯಲ್ಲಿ ಸುತ್ತಿ ಅಂಗಡಿಗೆ ಒಯ್ದರು. ಅಂಗಡಿಯಾತ ಓಡಿಸಿ ನೋಡಿದ, ಬಿಚ್ಚಿ ನೋಡಿದ, ಮುಚ್ಚಿ ನೋಡಿದ. “ಏನೂ ಇಲ್ವಲ್ಲ ಸಾರ್.”

“ಏನೂ ಇಲ್ಲದೆ ನನ್ನ ಹೆಂಡತಿ ತಂಡದಿಂದ ಹೊರಗೆ ಬೀಳ್ತಿದ್ದಾಳಾ? ಬದಲಿಸಿ ಕೊಡಿ!”

ಅಷ್ಟರಲ್ಲಿ ಬಾಮೈದನೂ ಅಲ್ಲಿಗೆ ಬಂದ. ಮುಖದಲ್ಲಿ ಭಾರೀ ವಿನಯ. (ಬಾಮೈದನ ಮುಖದಲ್ಲಿ ವಿನಯ ಕಂಡರೆ ಬುದ್ಧಿವಂತ ಭಾವ ಅಲ್ಲಿಂದ ಎದ್ದು ಹೋಗುತ್ತಾನೆ.)

“ಭಾವ, ಹೋದ ಭಾನುವಾರದ ಆಟ ನನ್ನ ಫೋನಲ್ಲಿ ರೆಕಾರ್ಡ್ ಆಗಿದೆ. ಯಾವ ಭಾಗದ ಸದ್ದು ಅಂತ ನಮಗ್ಯಾರಿಗೂ ಗೊತ್ತಾಗ್ತಿಲ್ಲ. ನಿಮ್ಮ ಕಿವಿ ಮುಂದೆ ನಾವೆಲ್ಲ ಯಾವ ಲೆಕ್ಕ? ನೀವೇ ಕೇಳಿ ಹೇಳಿ.”

“ಹಾಕು” ಎಂದರು ಸಾಹೇಬರು. ಕಣ್ಣು ಮುಚ್ಚಿದರು. ತಲೆ ವಾಲಿಸಿದರು. ಗಿರಾಕಿಗಳು ಸುತ್ತ ನೆರೆದರು.

ಫೋನಿನಿಂದ ಆ ಸದ್ದು ಎದ್ದಿತು. ಮೊದಲು ಕಲ್ಲು ತುಂಬಿದ ಲಾರಿ ಏರು ಹತ್ತುವಂತೆ ಗೊರಗೊರ. ತುದಿಯಲ್ಲಿ ಒಂದು ಕ್ಷಣ ಉಸಿರು ಕಟ್ಟಿ ನಿಂತು, ಪುಸ್ ಎಂದು ಇಳಿಜಾರು. ಮತ್ತೆ ಏರು.

“ಅಯ್ಯಯ್ಯೋ!” ಎಂದರು ಸಾಹೇಬರು, ಮುಖ ಸಿಂಡರಿಸಿ. “ಇದು ಹೊಸ ಮಾಲೇ ಅಲ್ಲ ಕಣ್ರೀ. ಬೇರಿಂಗ್ ಪೂರಾ ಸವೆದುಹೋಗಿದೆ.”

“ಹೌದಾ ಸಾರ್?” ಎಂದ ಅಂಗಡಿಯಾತ. ಅವನ ಮೀಸೆ ಕೊಂಚ ಅಲುಗಿತು.

“ಒಳಗೆ ಧೂಳು ತುಂಬಿ ಗಾಳಿ ದಾರಿ ಕಟ್ಟಿದೆ. ಕೇಳಿ, ಕೇಳಿ, ಅಲ್ಲಿ ಸಿಕ್ಕಿಹಾಕ್ಕೊಳ್ತು ನೋಡಿ! ವಯಸ್ಸಾದ ಯಂತ್ರ, ಮೇಲೆ ಬಣ್ಣ ಬಳಿದು ದಾಟಿಸಿದ್ದಾರೆ.”

“ರಿಪೇರಿ ಆಗುತ್ತಾ ಭಾವ?”

“ಯಾವ ರಿಪೇರಿ! ಇಂಥದ್ದನ್ನ ಮಲಗೋ ಕೋಣೇಲಿ ಇಟ್ಕೊಂಡು ಸಂಸಾರ ಮಾಡ್ತಾರಾ ಯಾರಾದ್ರೂ? ಮರ್ಯಾದಸ್ಥರು ಇವತ್ತೇ ಹೊರಗೆ ಹಾಕ್ತಾರೆ!”

ಅದೇ ಕ್ಷಣಕ್ಕೆ ರೆಕಾರ್ಡಿನೊಳಗೆ ಫೋನೊಂದು ರಿಂಗಾಯಿತು. ಲಾರಿ ಗಕ್ಕನೆ ನಿಂತಿತು. ಮಂಚ ಕಿರುಗುಟ್ಟಿತು. ಬಹಳ ಸೂಕ್ಷ್ಮವಾದ ಮೈಕು, ಒಂದಕ್ಷರವನ್ನೂ ಬಿಡದೆ, ದಪ್ಪ ಗಂಟಲಿನ ಮಾತೊಂದನ್ನು ಹಿಡಿದಿತ್ತು:

“ಹಲೋ... ಯಾರು?... ಛೆ ಛೆ, ನಿದ್ದೆ ಎಲ್ಲಿ ಬಂತು! ಓದ್ತಾ ಕೂತಿದ್ದೆ.”

ಅಂಗಡಿಯಲ್ಲಿ ಎಂಥ ಮೌನ ಬಿತ್ತೆಂದರೆ, ಅಂಥದ್ದನ್ನು ಸಾಹೇಬರು ತಮ್ಮ ಗ್ರಂಥಾಲಯದಲ್ಲಿ ಎಂದೂ ಸಾಧಿಸಿರಲಿಲ್ಲ. ಮೊದಲು ಬಾಯಿಬಿಟ್ಟವನು ಅಂಗಡಿಯಾತ.

“ಬದಲಿಸಿ ಕೊಡ್ತಿದ್ದೆ ಸಾರ್. ಆದ್ರೆ ಇದು ನಮ್ಮ ಅಂಗಡಿ ಮಾಲಲ್ಲ.”

ಡಾಕ್ಟರಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಕೀಳಬೇಕಾದ ಹಲ್ಲನ್ನು ನೋಡುವಂತೆ. “ಹಾಸಿಗೆ ಇವತ್ತೇ ಹಾಲಿಗೆ ಹೋಗುತ್ತೆ. ತೀರ್ಪು ನಿಮ್ಮದೇ, ನಾನೇನೂ ಹೇಳಿಲ್ಲ ನೋಡಿ.”

“ಅಲ್ಲ ಕಣೇ... ಅದು ಯಂತ್ರದ್ದೇ... ನಾನು ನಿಜವಾಗ್ಲೂ ಓದ್ತಿದ್ದೆ!”

“ಹೌದಾ?” ಎಂದರು ಡಾಕ್ಟರಮ್ಮ ತಣ್ಣಗೆ. “ಯಾವ ಪುಸ್ತಕ ರೀ?”

ಸುತ್ತ ನಿಂತ ಗಿರಾಕಿಗಳೆಲ್ಲ ಕಿವಿ ನಿಮಿರಿಸಿ ಕಾದರು. ಕಪಾಟುಗಟ್ಟಲೆ ಪುಸ್ತಕಗಳ ನಡುವೆ ಜೀವ ತೇಯ್ದ ಗ್ರಂಥಪಾಲರಿಗೆ, ಆ ಹೊತ್ತಿನಲ್ಲಿ, ಒಂದೇ ಒಂದು ಪುಸ್ತಕದ ಹೆಸರೂ ನೆನಪಿಗೆ ಬರಲಿಲ್ಲ.