ಸರದಾರನ ನಾಲಿಗೆ

"ಹದಿನೈದು ದಿನ ಏನ್ ಮಾವಾರ, ಹದಿನೈದು ವರ್ಷ ಬಿಟ್ಟು ಹೋಗ್ರಿ ಬೇಕಾದ್ರ! ನನ್ನ ಮನ್ಯಾಗ ಈ ನಾಯಿ ಗಾಯಕ್ಕ ನಾಲಿಗಿ ಹಚ್ಚಿದ್ರ ನಾನು ಹನುಮಂತ್ರಾಯನ ಅಲ್ಲ!"

ಹೀಗೆಂದು ಎದೆ ತಟ್ಟಿಕೊಂಡವನು ನಾನೇ. ಸಾಕ್ಷಿಗೆ ಹೆಂಡತಿ ಬಾಲಮ್ಮ ಇದ್ದಳು, ನಾಲ್ಕು ಮಕ್ಕಳಿದ್ದರು, ಸ್ವತಃ ನಾಯಿಯೂ ಇತ್ತು. ಹಾಗಾಗಿ ಇವತ್ತು ನಾನು ಹಾಗೆ ಅನ್ನಲೇ ಇಲ್ಲ ಎಂದು ಜಾರಿಕೊಳ್ಳಲು ಬರುವುದಿಲ್ಲ.

ಅದು ಎಪ್ಪತ್ತಾರನೇ ಇಸವಿ. ನಾನಾಗ ಮಾನ್ವಿಯ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಯಾವ ಆಫೀಸು ಎಂದು ಹೇಳುವುದಿಲ್ಲ, ಪೆನ್ಷನ್ ಇನ್ನೂ ಬರುತ್ತಿದೆ! ಕುಟುಂಬ ಯೋಜನೆಯ ಪ್ರಚಾರದ ಬೋರ್ಡು, ಬ್ಯಾನರುಗಳೆಲ್ಲ ನನ್ನ ವಶದಲ್ಲಿದ್ದವು ಎಂದರೆ ಸಾಕು. ಊರಿಗೆಲ್ಲ "ನಾವಿಬ್ಬರು, ನಮಗಿಬ್ಬರು" ಎಂದು ಹೇಳಿ ಸಂಬಳ ತೆಗೆದುಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ನಾಲ್ವರು ಕಾಯುತ್ತಿದ್ದರು.

"ನಿಮ್ಮ ಬೋರ್ಡು ನಿಮಗ ಓದಾಕ ಬರಂಗಿಲ್ಲೇನ್ರಿ?" ಎಂದು ಬಾಲಮ್ಮ ಆಗಾಗ ಕೇಳುತ್ತಿದ್ದಳು.

ನಮ್ಮ ಮನೆತನದಲ್ಲಿ ಕುರಿ ಬಿಟ್ಟು ಖುರ್ಚಿ ಹಿಡಿದ ಮೊದಲಿಗ ನಾನು. ಊರವರಿಗೆ ಇದು ದೊಡ್ಡ ಸಂಗತಿ. ಆದರೆ ನನ್ನ ಮಾವ, ದೇವದುರ್ಗದ ಕಡೆಯ ಯಮನೂರಪ್ಪನವರಿಗೆ ಇದು ಕೈಗೆ ಬಂದ ಒಬ್ಬ ಆಳು ಕೆಟ್ಟುಹೋದ ಸಂಗತಿ. ಮುನ್ನೂರು ಕುರಿಯ ಯಜಮಾನ ಅವರು. ಮದುವೆಯಾಗಿ ಹತ್ತು ವರ್ಷವಾದರೂ ಅವರ ಬಾಯಿಂದ ನನಗೆ ಒಂದು ಶಹಬ್ಬಾಸ್ ಸಿಕ್ಕಿರಲಿಲ್ಲ. ನಿಜ ಹೇಳುತ್ತೇನೆ, ಆ ಒಂದು ಶಹಬ್ಬಾಸ್‌ಗಾಗಿ ನನ್ನ ಜೀವ ಬಾಯಿ ಬಾಯಿ ಬಿಡುತ್ತಿತ್ತು.

ಅಂಥ ಮಾವ ಒಂದು ದಿನ ಬಸ್ಸಿನ ಟಾಪಿನ ಮೇಲೆ ಕೂತು ಬಂದರು. ಪಕ್ಕದಲ್ಲಿ ಕಂಬಳಿಯಲ್ಲಿ ಸುತ್ತಿದ ಸರದಾರ. ಸರದಾರ ಎಂದರೆ ಅವರ ಹಿಂಡಿನ ಕಾವಲು ನಾಯಿ. ಶೇಂಗಾದ ಹೊಲದಲ್ಲಿ ಕಾಡುಹಂದಿ ತಿವಿದು ಅದರ ತೊಡೆ ಸೀಳಿತ್ತು. ನಮ್ಮೂರಿನ ದನದ ದವಾಖಾನೆಯಲ್ಲಿ ಡಾಕ್ಟರು ಏಳು ಹೊಲಿಗೆ ಹಾಕಿದರು. ಕಂಪೌಂಡರ್ ಮಲಂಗಸಾಬ ಬೆರಳು ಎತ್ತಿ ಎಚ್ಚರಿಸಿದ.

"ನಾಲಿಗಿ ತಾಗಬಾರದ್ರಿ. ನೆಕ್ಕಿದ್ರ ಹೊಲಿಗಿ ಬಿಚ್ಚತಾವ, ಕೀವು ಕಟ್ಟತದ. ಆಮ್ಯಾಲ ಕಾಲಿನ ಆಸೆ ಬಿಡ್ರಿ."

ಮಾವನ ಮುಖ ಸಪ್ಪಗಾಯಿತು. ಹದಿನೈದು ದಿನಕ್ಕೆ ದೀಪಾವಳಿ. ಹಟ್ಟಿಯಲ್ಲಿ ಕುರಿ ಪೂಜೆ ಮುಗಿಸಿ ಮರುದಿನ ಹಿಂಡು ಹೊಡೆದುಕೊಂಡು ಹೊರಟರೆ ಅವರು ಮತ್ತೆ ಮನೆ ಮುಖ ನೋಡುವುದು ಮಳೆಗಾಲಕ್ಕೇ. ದಾರಿಯುದ್ದಕ್ಕೂ ತೋಳಗಳ ಕಾಟ. ಹಿಂದೊಮ್ಮೆ ಸರದಾರನಿಲ್ಲದೆ ಹೋಗಿ ಹನ್ನೊಂದು ಮರಿ ಕಳೆದುಕೊಂಡಿದ್ದರು.

"ಸರದಾರ ಇಲ್ದ ಹಿಂಡು ಏಳಂಗಿಲ್ಲ. ಹಟ್ಟ್ಯಾಗ ಇದನ್ನ ಕಾಯಾವ್ರು ಯಾರದಾರ?" ಎಂದರು ಮಾವ.

ಆಗಲೇ ನಾನು ಎದೆ ತಟ್ಟಿಕೊಂಡದ್ದು! ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓದಿದಾವ್ರು ನೀವು. ನಿಮ್ಮ ಮ್ಯಾಲ ಬಿಟ್ಟೀನ್ರಿ" ಎಂದು ಹೇಳಿ ಹೋದರು.

ಮಾವ ಓಣಿ ದಾಟಿರಲಿಲ್ಲ, ಸರದಾರ ಕಾಲು ಚಾಚಿ, ಕತ್ತು ತಿರುಗಿಸಿ, ಲಪ್ ಲಪ್ ಎಂದು ಕೆಲಸ ಶುರು ಮಾಡಿತು.

"ಏನ್ರೀ, ನೆಕ್ಕಾಕತ್ತದ ನೋಡ್ರಿ!" ಎಂದಳು ಬಾಲಮ್ಮ.

"ನೆಕ್ಕಲಿ. ಕಹಿ ಅಂದ್ರೇನು ಅಂತ ಅದಕ್ಕ ಇನ್ನ ಗೊತ್ತಿಲ್ಲ!" ಎಂದೆ ನಾನು.

ಬೇವಿನ ಎಲೆ ಅರೆದೆ. ಅದಕ್ಕೆ ಲೋಳೆಸರದ ರಸ ಹಿಂಡಿದೆ. ಹೆಚ್ಚಿಗಿರಲಿ ಎಂದು ಹಾಗಲಕಾಯಿಯನ್ನೂ ಜಜ್ಜಿ ಹಾಕಿದೆ. ಗಾಯದ ಸುತ್ತ ಗೋಡೆಗೆ ಸುಣ್ಣ ಬಳಿದಂತೆ ಬಳಿದು ಕೈ ಕಟ್ಟಿ ನಿಂತೆ. ಸರದಾರ ಒಮ್ಮೆ ನೆಕ್ಕಿತು. ಯೋಚಿಸಿತು. ಆಮೇಲೆ ತೊಡೆಯ ಮೇಲಿನದನ್ನು ಪೂರ್ತಿ ನೆಕ್ಕಿ, ಎದ್ದು ಬಂದು, ಬಟ್ಟಲಲ್ಲಿ ಉಳಿದದ್ದನ್ನೂ ನೆಕ್ಕಿ, ಇನ್ನೂ ಇದೆಯೇ ಎಂಬಂತೆ ನನ್ನ ಮುಖ ನೋಡಿತು!

ಕಹಿಯ ಪ್ರಭಾವ ಆಗಲಿಲ್ಲ ಎನ್ನುವಂತಿಲ್ಲ. ಆಯಿತು, ನನ್ನ ಕೈಗೆ. ಎಷ್ಟು ತೊಳೆದರೂ ಹೋಗದು. ಎರಡು ದಿನ ಆ ಕೈಯಲ್ಲಿ ತಿಂದ ರೊಟ್ಟಿ ಕಹಿ, ಪಲ್ಯ ಕಹಿ, ಬೆಲ್ಲದ ಚೂರೂ ಕಹಿ.

"ನಾಯಿ ನೆಕ್ಕೂದು ಬಿಡ್ಲಿಲ್ಲ, ನೀವು ಉಣ್ಣೂದು ಬಿಟ್ರಿ" ಎಂದಳು ಬಾಲಮ್ಮ.

ಮೂರನೇ ದಿನ ನನ್ನ ಬುದ್ಧಿ ಬಟ್ಟೆಯ ಕಡೆ ತಿರುಗಿತು. ಗಾಯವನ್ನು ಮುಚ್ಚಿಬಿಟ್ಟರೆ ನಾಲಿಗೆ ಏನು ಮಾಡೀತು? ನನ್ನ ಪಟ್ಟೆ ಪಟ್ಟೆ ಪಾಯಜಾಮ ತಂದು ಸರದಾರನ ಹಿಂಗಾಲುಗಳಿಗೆ ಏರಿಸಿ, ಬಾಲಕ್ಕೊಂದು ತೂತು ಮಾಡಿ, ಸೊಂಟಕ್ಕೆ ಲಾಡಿ ಬಿಗಿದೆ. ತೋಳವನ್ನು ಅಟ್ಟಾಡಿಸಿದ ವೀರ, ನಿವೃತ್ತ ಹೆಡ್‌ಮಾಸ್ತರರ ಹಾಗೆ ಅಂಗಳದಲ್ಲಿ ನಿಂತಿತು. ಪಕ್ಕದ ಮನೆಯ ಹಾಜಿರಾ ಬೀ ಗೋಡೆಯಾಚೆಯಿಂದ ಪಟ್ಟೆಗಳನ್ನಷ್ಟೇ ಕಂಡು ಗಾಬರಿಯಾದಳು.

"ಯಾ ಅಲ್ಲಾ! ಬಾಲಮ್ಮಾ, ನಿಮ್ಮ ಮನಿಯವ್ರು ಯಾಕ ನಾಕು ಕಾಲ್ಲೆ ಓಡ್ಯಾಡಾಕತ್ತಾರ?"

"ಇಲ್ಲ ಬೂಬಮ್ಮಾ, ಅದು ನಾಯಿ. ಇವ್ರು ಒಳಗ ಅದಾರ" ಎಂದಳು ಬಾಲಮ್ಮ. ಆ ಉತ್ತರದಲ್ಲಿ ನನಗೆ ಸಮಾಧಾನ ಕೊಡುವಂಥದ್ದು ಏನೂ ಇರಲಿಲ್ಲ.

ಮರುದಿನ ಬೆಳಗ್ಗೆ ನೋಡಿದರೆ ಪಾಯಜಾಮದಲ್ಲಿ ಸರಿಯಾಗಿ ಗಾಯದ ಜಾಗಕ್ಕೆ ಒಂದು ಕಿಟಕಿ ತೆರೆದಿತ್ತು. ಸರದಾರ ಆ ಕಿಟಕಿಯಲ್ಲಿ ಮೂತಿ ಇಟ್ಟು ಆರಾಮಾಗಿ ನೆಕ್ಕುತ್ತಿತ್ತು. ಎರಡು ಹೊಲಿಗೆ ಬಿಚ್ಚಿದ್ದವು.

ಈಗ ನನಗೆ ನಗು ಬರಲಿಲ್ಲ. ದವಾಖಾನೆಗೆ ಒಯ್ದರೆ ಡಾಕ್ಟರು ಮತ್ತೆ ಹೊಲಿದು, ಇನ್ನೊಮ್ಮೆ ಬಿಚ್ಚಿದರೆ ತಾನು ಜವಾಬ್ದಾರನಲ್ಲ ಎಂದರು. ಮಲಂಗಸಾಬ ನನ್ನನ್ನು ಪಕ್ಕಕ್ಕೆ ಕರೆದು ಉಪಾಯ ಹೇಳಿಕೊಟ್ಟ.

"ಗಟ್ಟಿ ರಟ್ಟು ತಗೋರಿ. ಕೊರಳಿಗೆ ಉಮ್ಮತ್ತಿ ಹೂವಿನಂಗ ಸುತ್ತಿ ಕಟ್ರಿ. ಮೂತಿ ಹಿಂದಕ ತಿರಗಂಗಿಲ್ಲ."

ಗಟ್ಟಿ ರಟ್ಟು! ನಮ್ಮ ಆಫೀಸಿನಲ್ಲಿ ಅದಕ್ಕೇನು ಬರ? ಪ್ರಚಾರದ ಹಳೆಯ ರಟ್ಟಿನ ಬೋರ್ಡೊಂದನ್ನು ಮನೆಗೆ ತಂದೆ. ಒಂದು ಮೈ ಬಿಳಿ. ಇನ್ನೊಂದು ಮೈಯಲ್ಲಿ ದೊಡ್ಡ ಕೆಂಪು ತ್ರಿಕೋನ, ಕೆಳಗೆ "ನಾವಿಬ್ಬರು, ನಮಗಿಬ್ಬರು". ಬಣ್ಣದ ಮೈ ಒಳಗಿಟ್ಟರೆ ನಾಯಿಯ ಮುಖಕ್ಕೆ ಬಣ್ಣ ಹತ್ತೀತು ಎಂದು ಮುಂದಾಲೋಚನೆ ಮಾಡಿ, ಅದನ್ನು ಹೊರಗೆ ಮಾಡಿ ಕಟ್ಟಿದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತಿ ದೊಡ್ಡ ಮುಂದಾಲೋಚನೆ ಅದು!

ರಟ್ಟು ಕೆಲಸ ಮಾಡಿತು. ಸರದಾರ ಕತ್ತು ತಿರುಗಿಸಿದರೆ ರಟ್ಟು ತಡೆಯುತ್ತಿತ್ತು. ನಾನು ಮೀಸೆಯ ಮೇಲೆ ಕೈ ಹಾಕಿದೆ.

"ನೋಡಿದ್ಯಾ ಬಾಲಾ? ಓದಿದಾವ್ರ ಕೆಲಸ ಅಂದ್ರ ಹಿಂಗಿರತದ!"

ಕೈ ಇನ್ನೂ ಮೀಸೆಯ ಮೇಲೇ ಇತ್ತು. ಸರದಾರನ ರಟ್ಟು ಬಾಗಿಲ ಚೌಕಟ್ಟಿಗೆ ಬಡಿಯಿತು. ನಾಯಿ ಹೆದರಿ ಹಿಂದೆ ಹಾರಿತು, ನೀರಿನ ಕೊಡ ಉರುಳಿತು, ಆ ಸದ್ದಿಗೆ ಇನ್ನೂ ಹೆದರಿ ಮುಂದೆ ಹಾರಿ ಬೀದಿಗೆ ಬಿತ್ತು. ಅಲ್ಲಿಂದ ನೇರ ಸಂತೆಗೆ! ಅವತ್ತು ಮಾನ್ವಿಯ ಸಂತೆ.

ಅದು ತುರ್ತು ಪರಿಸ್ಥಿತಿಯ ಕಾಲ, ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದಂತೆ ಮಾಡುತ್ತಿದ್ದರು. ಆಗ "ಆಪರೇಷನ್" ಎಂಬ ಮಾತಿಗೆ ಜನ ಎಷ್ಟು ಹೆದರುತ್ತಿದ್ದರು ಎಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ನಮ್ಮ ಜೀಪಿನ ಸದ್ದು ಕೇಳಿದರೆ ಗಂಡಸರು ಭತ್ತದ ಗದ್ದೆಯಲ್ಲಿ ಅಡಗುತ್ತಿದ್ದರು. ಅಂಥ ಸಂತೆಯ ನಡುವೆ ಒಂದು ನಾಯಿ ಕುಂಟುತ್ತ ಬಂದಿದೆ, ಕೊರಳಲ್ಲಿ ಕೆಂಪು ತ್ರಿಕೋನ, ತೊಡೆಯಲ್ಲಿ ಹಸಿ ಹೊಲಿಗೆ!

"ಲೇ, ನಾಯಿಗೂ ಮಾಡ್ಯಾರಲೇ!" ಎಂದು ಯಾರೋ ಕೂಗಿದರು.

"ನಾಯೀನ ಬಿಟ್ಟಿಲ್ಲ, ನಮ್ಮನ್ನ ಬಿಡ್ತಾರೇನು? ಓಡ್ರೋ!"

ನಾನು "ಸರದಾರಾ, ಸರದಾರಾ" ಎಂದು ಹಿಂದೆ ಓಡಿ ಬರುವುದನ್ನು ಕಂಡ ಮೇಲಂತೂ ಜನರಿಗೆ ಅನುಮಾನವೇ ಉಳಿಯಲಿಲ್ಲ. ಆಫೀಸಿನವನು ಸ್ವತಃ ಹಿಡಿಯಲು ಬಂದಿದ್ದಾನೆ! ಹತ್ತು ನಿಮಿಷದಲ್ಲಿ ಬದನೆಕಾಯಿ ರಾಶಿಗಳು ಉಳಿದವು, ಮಾರುವವರು ಉಳಿಯಲಿಲ್ಲ. ಸಿಕ್ಕ ಸಿಕ್ಕ ಬಸ್ಸು ಹತ್ತಿದ ಜನ ಸುದ್ದಿಯನ್ನೂ ಹತ್ತಿಸಿಕೊಂಡು ಹೋದರು. ರಾಯಚೂರು ಮುಟ್ಟುವ ಹೊತ್ತಿಗೆ ಒಂದು ನಾಯಿ ನಲವತ್ತಾಗಿತ್ತು. ದೇವದುರ್ಗದಲ್ಲಿ, ಮನುಷ್ಯರು ಸಿಗದ್ದಕ್ಕೆ ಹನುಮಂತ್ರಾಯ ಮಾವನ ನಾಯಿಯನ್ನೇ ಆಪರೇಷನ್ ಲೆಕ್ಕಕ್ಕೆ ಸೇರಿಸಿದ ಎಂದಾಗಿತ್ತು.

ಖಾಲಿ ಸಂತೆಯಲ್ಲಿ ಸರದಾರನನ್ನು ಹಿಡಿದು ಮನೆಗೆ ತಂದು ಕಟ್ಟಿದೆ. ಮಧ್ಯಾಹ್ನ ಸಾಹೇಬರು ಕರೆಸಿದರು.

"ಹನುಮಂತ್ರಾಯ, ನಮ್ಮ ಜೀಪು ಹೋದ್ರ ಒಂದು ಓಣಿ ಖಾಲಿ ಆಗ್ತಿತ್ತು. ನಿನ್ನ ನಾಯಿ ಹೋದ್ರ ಸಂತಿಗೆ ಸಂತಿನೇ ಖಾಲಿ ಆತಲ್ಲೋ!"

ಬೈದದ್ದೆಲ್ಲ ಇಲ್ಲಿ ಬರೆಯುವುದಿಲ್ಲ. ಬೋರ್ಡು ಎಲ್ಲಿಂದ ಬಂತು ಎಂಬುದಕ್ಕೆ ಮೂರು ಪುಟದ ವಿವರಣೆ ಬರೆದುಕೊಟ್ಟು ಮನೆಗೆ ಬಂದೆ.

ಮರುದಿನ ಮೊದಲ ಬಸ್ಸಿಗೆ ಮಾವ ಬಂದಿಳಿದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನನ್ನ ಕಣ್ಣು ಕೋಲಿನ ಮೇಲೇ ಇತ್ತು.

"ಎಲ್ಲಿ ಕೊಯ್ಸೀರಿ?" ಎಂದರು, ಒಂದೇ ಮಾತು.

"ಕೊಯ್ಸಿಲ್ರಿ ಮಾವಾರ, ದೇವರಾಣಿ! ಅದು ಬರೇ ರಟ್ಟು!"

ಅವರು ನನ್ನ ಮಾತು ಕೇಳಲು ನಿಲ್ಲಲಿಲ್ಲ. ಸರದಾರನ ಹತ್ತಿರ ಕೂತು, ಬಾಲ ಎತ್ತಿ ಖುದ್ದು ತನಿಖೆ ಮಾಡಿ, ಉಸಿರು ಬಿಟ್ಟರು. ಆಮೇಲೆ ತೊಡೆ ನೋಡಿದರು. ರಟ್ಟು ಸಂತೆಯಲ್ಲಿ ಹರಿದು ಜೋತು ಬಿದ್ದಿತ್ತು. ಗಾಯ ಒದ್ದೆಯಾಗಿ ಕೆಂಪಗಿತ್ತು. ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೀಪಾವಳಿಗೆ ಹತ್ತು ದಿನ ಉಳಿದಿದೆ, ಮುನ್ನೂರು ಕುರಿಗಳ ಕಾವಲು ಇದು, ನನ್ನನ್ನು ನಂಬಿ ಬಿಟ್ಟು ಹೋಗಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಇದು ಯಾಕ ನೆಕ್ಕತದ ಗೊತ್ತದೇನ್ರಿ ಅಳಿಯಾರ?" ಎಂದರು ಮಾವ ಕೊನೆಗೆ.

"ಗಾಯ ಕಡೀತದಲ್ರಿ, ಅದಕ್ಕ."

"ಅಲ್ರಿ. ಹುಟ್ಟಿದಾಗಿಂದ ಇದು ಒಂದಿನಾನೂ ಸುಮ್ನ ಕುಂತಿಲ್ಲ. ನಿಮ್ಮ ಮನ್ಯಾಗ ಇದಕ್ಕ ಉದ್ಯೋಗ ಇಲ್ಲ. ಉದ್ಯೋಗ ಇಲ್ಲಂದ್ರ ಏನ್ ಮಾಡ್ಬೇಕು? ತನ್ನ ಮೈ ತಾನ ನೆಕ್ಕೊಂತ ಕುಂತದ."

ಹೀಗೆಂದು ಕಂಬಳಿಯ ಮಡಿಕೆಯಲ್ಲಿ ಕೈ ಹಾಕಿದರು. ಒಂದು ಕುರಿಮರಿ ಹೊರಗೆ ಬಂತು! ಹುಟ್ಟಿ ನಾಲ್ಕು ದಿನವಾಗಿತ್ತು, ತಾಯಿ ಸತ್ತಿತ್ತು, ಹಾಲು ಕುಡಿಸಲು ಹಟ್ಟಿಯಲ್ಲಿ ಯಾರೂ ಇಲ್ಲವೆಂದು ಹೊತ್ತುಕೊಂಡೇ ಬಂದಿದ್ದರು. ಸರದಾರನ ಕೊರಳಿನ ರಟ್ಟನ್ನು ಕೊಯ್ದು ಬಿಸಾಡಿ, ಮರಿಯನ್ನು ಅದರ ಮುಂದೆ ಇಳಿಸಿದರು.

ಮರಿ ಒಮ್ಮೆ "ಮ್ಯಾ" ಎಂದಿತು. ಅಷ್ಟೇ! ಸರದಾರನ ಕಿವಿ ನೆಟ್ಟಗಾದವು. ಮೂಸಿತು. ಆಮೇಲೆ ಮರಿಯ ಕಿವಿ ನೆಕ್ಕಿತು, ಬೆನ್ನು ನೆಕ್ಕಿತು, ಬಾಲದ ತುದಿ ತನಕ ನೆಕ್ಕಿ, ಮತ್ತೆ ಕಿವಿಯಿಂದ ಶುರು ಮಾಡಿತು. ತನ್ನ ತೊಡೆಯೊಂದಿದೆ ಎಂಬುದೇ ಅದಕ್ಕೆ ಮರೆತುಹೋಯಿತು. ಆರು ದಿನ ನಾನು ಆ ನಾಲಿಗೆಯನ್ನು ನಿಲ್ಲಿಸಲು ಹೆಣಗಾಡಿದ್ದೆ. ಮಾವ ಅದಕ್ಕೊಂದು ಕೆಲಸ ಕೊಟ್ಟು, ಚಹಾ ಕುಡಿದು, ಊರಿಗೆ ಹೋದರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಸರದಾರನದೇ ಆಡಳಿತ. ಹಾಜಿರಾ ಬೀಯ ಮೇಕೆಯ ಹಾಲನ್ನು ಬಾಟಲಿಯಲ್ಲಿ ಹಾಕಿ ಬಾಲಮ್ಮ ಮರಿಗೆ ಕುಡಿಸಿದರೆ ನಾಯಿ ಬಾಲ ಅಲ್ಲಾಡಿಸುತ್ತಿತ್ತು. ನಾನು ಹತ್ತಿರ ಹೋದರೆ ಹಲ್ಲು ತೋರಿಸುತ್ತಿತ್ತು. ನನ್ನದೇ ಅಂಗಳದಲ್ಲಿ ನಾನು ಗೋಡೆ ಹಿಡಿದು ಓಡಾಡಿದೆ. ಗಾಯ ಮಾತ್ರ ದಿನ ದಿನಕ್ಕೆ ಒಣಗಿತು. ಡಾಕ್ಟರು ಹೊಲಿಗೆ ತೆಗೆದು, ನಾಯಿಯ ಬೆನ್ನು ತಟ್ಟಿದರು.

ದೀಪಾವಳಿಯ ಹಿಂದಿನ ದಿನ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ನಾಲ್ಕು ಜನ ನನ್ನನ್ನು ಸುತ್ತಿಕೊಂಡರು. ನಾಯಿ ಹೇಗೆ ವಾಸಿಯಾಯಿತು ಎಂದು ಕೇಳಿದರು. ಮನುಷ್ಯನ ಬಾಯಿ ನೋಡಿ! ನಾನು ಗ್ಲಾಸು ಕೆಳಗಿಟ್ಟು ಶುರು ಮಾಡಿಯೇ ಬಿಟ್ಟೆ.

"ಮೂಕ ಪ್ರಾಣಿಯ ಮನಸ್ಸು ತಿಳೀಬೇಕ್ರಿ. ನಾನು ವಿಚಾರ ಮಾಡಿದೆ, ಇದಕ್ಕ ಉದ್ಯೋಗ ಇಲ್ಲ. ಹಾಂ! ಒಂದು ಮರಿ ತರಿಸಿ ಮುಂದ ಬಿಟ್ಟೆ. ತಲಿ ಬೇಕ್ರಿ, ತಲಿ!"

ಎಲ್ಲರೂ ತಲೆದೂಗಿದರು. ಹಿಂದಿನ ಬೆಂಚಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಒಬ್ಬರು ಮಾತ್ರ ತಲೆದೂಗಲಿಲ್ಲ. ಅವರು ಎದ್ದು ನಿಂತಾಗ ಕೋಲಿನ ಗುರುತು ಹತ್ತಿತು. ದೇವದುರ್ಗದ ಬಸ್ಸು ಆಗಲೇ ಬಂದಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ!

ಮಾವ ನನ್ನ ಮುಂದೆ ಮುಂದೆ ನಡೆದು ಮನೆಗೆ ಬಂದರು. ಅಂಗಳದಲ್ಲಿ ಸರದಾರನನ್ನು ನಡೆಸಿ ನೋಡಿದರು, ಓಡಿಸಿ ನೋಡಿದರು, ತೊಡೆ ಸವರಿದರು.

"ಶಹಬ್ಬಾಸ್!" ಎಂದರು.

ಹತ್ತು ವರ್ಷದಿಂದ ಕಾದಿದ್ದ ಮಾತು! ಹಿಗ್ಗಿ ಮುಂದೆ ಬಂದೆ. ಅವರು ಹೇಳಿದ್ದು ನಾಯಿಗೆ.

ಬಾಲಮ್ಮ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹೆಗಲಿಗೆ ಹಾಕಿ, ಸರದಾರನ ಹಗ್ಗ ಹಿಡಿದು ಮಾವ ಹೊರಟರು. ಮರಿ ಅಂಗಳದಲ್ಲೇ ನಿಂತು ಕೂಗತೊಡಗಿತು. ನಾನು ಅದನ್ನೆತ್ತಿಕೊಂಡು ಬಾಗಿಲ ತನಕ ಓಡಿದೆ.

"ಮಾವಾರ, ಮರಿ ಮರತ್ರಿ!"

ಮಾವ ತಿರುಗಿ ನೋಡಿದರು. ಮೊದಲ ಸಲ ಅವರ ಮುಖದಲ್ಲಿ ನಗು ಕಂಡೆ.

"ಮರತಿಲ್ರಿ ಅಳಿಯಾರ. ತನ್ನ ಮೈ ತಾನ ನೆಕ್ಕೊಳ್ಳೂದು ಬಿಡಾಕ ನಾಯಿಗೆ ಹತ್ತು ದಿನ ಸಾಕಾತು. ನಿಮಗ ಎಷ್ಟು ದಿನ ಹಿಡೀತದೋ ಗೊತ್ತಿಲ್ಲ. ಮರಿ ಇಲ್ಲೇ ಇರ್ಲಿ."