ನಾಳೆ ಮಾಸ್ಟರರ ಹಿಮಯಾತ್ರೆ

ಹತ್ತೊಂಬತ್ತು ವರ್ಷ ಒಂದೇ ಹೊಲಿಗೆ ಮೆಷಿನ್ನಿನ ಮುಂದೆ ಕೂತು, ಊರಿನ ಅರ್ಧ ಜನರ ಸೊಂಟದ ಅಳತೆಯನ್ನು ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದ ಟೈಲರ್ ಮಾಸ್ಟರಿಗೆ, ತಾವು ನಿದ್ದೆಯಲ್ಲೂ ಪೆಡಲು ತುಳಿಯುತ್ತೇವೆ ಎಂಬ ವಿಷಯ ಗೊತ್ತೇ ಇರಲಿಲ್ಲ. ಗೊತ್ತು ಮಾಡಿಸಿದವಳು ಹೆಂಡತಿ. ಬೆಳಿಗ್ಗೆ ಕಾಫಿಯ ಲೋಟದ ಪಕ್ಕದಲ್ಲೇ ಕಾಲನ್ನೂ ಚಾಚಿ, ನೀಲಿಗಟ್ಟಿದ್ದ ಜಾಗ ತೋರಿಸಿದಳು.

"ನೋಡಿ, ಹೇಗೆ ಒದ್ದಿದೀರಿ! ನಾನೇನು ನಿಮ್ಮ ಮೆಷಿನ್ನಾ?"

"ಕನಸಲ್ಲಿ ಯೂನಿಫಾರ್ಮ್ ಆರ್ಡರ್ ಬಂದಿತ್ತು ಕಣೇ. ಅರ್ಜೆಂಟು ಅಂದ್ರು."

"ನಾಲ್ಕೇ ನಾಲ್ಕು ದಿನ ಆ ಪೆಡಲಿನಿಂದ ಕಾಲು ತೆಗೀರಿ. ಎಲ್ಲಾದ್ರೂ ಹೋಗೋಣ. ಮದುವೆ ಆದಾಗಿಂದ ಕೇಳ್ತಾನೇ ಇದೀನಿ."

"ನಾಳೆ ಹೇಳ್ತೀನಿ."

(ಗಿರಾಕಿಗಳು ಇವರನ್ನು ನಾಳೆ ಮಾಸ್ಟರ್ ಎಂದು ಕರೆಯುವುದು ಸುಮ್ಮನಲ್ಲ. ಮದುವೆಗೆಂದು ಹೊಲಿಯಲು ಕೊಟ್ಟ ಕೋಟನ್ನು ಮಗುವಿನ ಹುಟ್ಟುಹಬ್ಬಕ್ಕೆ ಹಾಕಿಕೊಂಡವರು ಅದೇ ಬೀದಿಯಲ್ಲಿದ್ದಾರೆ.)

ಆದರೆ ಈ ಸಲ ಹೆಂಡತಿಯ ಮಾತು ನಾಟಿತು. ನಾಲ್ಕು ದಿನ ಕಾಲು ಸುಮ್ಮನಿದ್ದರೆ ಸಾಕು, ಜನ್ಮದಲ್ಲಿ ಬೇರೇನೂ ಬೇಡ ಎನ್ನಿಸಿತು. ಅದೇ ಮಧ್ಯಾಹ್ನ ಹಳೆಯ ಪತ್ರಿಕೆಯೊಂದರ ಹಾಳೆಯಲ್ಲಿ ಕಾಲರಿನ ಅಚ್ಚು ಕತ್ತರಿಸುತ್ತಿದ್ದಾಗ ಅವರ ಕತ್ತರಿ ತಾನಾಗಿ ನಿಂತುಬಿಟ್ಟಿತು. ಪುಟದ ತುಂಬ ಹಿಮದ ಬೆಟ್ಟ. ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡ ಮನುಷ್ಯನೊಬ್ಬ ನೆಲ ಬಿಟ್ಟು ಗಾಳಿಯಲ್ಲಿದ್ದ. ಅವನ ಕಾಲು ಏನನ್ನೂ ತುಳಿಯುತ್ತಿರಲಿಲ್ಲ! ಮಾಸ್ಟರು ಬಾಯಿ ತೆರೆದುಕೊಂಡು ನೋಡಿದರು. ತುಟಿಯಲ್ಲಿ ಕಚ್ಚಿಕೊಂಡಿದ್ದ ಎರಡು ಗುಂಡುಸೂಜಿ ಉದುರಿದ್ದು ಕೂಡ ಅವರಿಗೆ ತಿಳಿಯಲಿಲ್ಲ.

"ಸ್ಕೀಯಿಂಗಾ? ಅದು ದುಡ್ಡಿದ್ದೋರ ಆಟ," ಎಂದು ಹೆಂಡತಿ ಮೂಗು ಮುರಿದಳು.

"ದುಡ್ಡಿದ್ದೋರು ಬಟ್ಟೆ ಹೇಗೆ ಬೇಕೋ ಹಾಗೆ ಕತ್ತರಿಸ್ತಾರೆ. ನಾನು ಎರಡೂಕಾಲು ಮೀಟರಿನಲ್ಲಿ ಅಪ್ಪನಿಗೂ ಮಗನಿಗೂ ಅಂಗಿ ತೆಗೆದೋನು ಕಣೇ."

ಅಂದಿನಿಂದ ಬಟ್ಟೆ ಕತ್ತರಿಸುವ ಮೇಜು ಮಂತ್ರಾಲೋಚನೆಯ ಮಹಾಸಭೆಯಾಯಿತು. ಹಿಮ ಕರಗುವ ಮುಂಚಿನ ಕೊನೆಯ ವಾರ ಹೋದರೆ ಎಲ್ಲವೂ ಅಗ್ಗ. ವಿಮಾನ ಬೇಡ, ಬಸ್ಸು ಸಾಕು. ವಸತಿಗೃಹದಲ್ಲಿ ಅಡುಗೆಮನೆಯ ಮೇಲಿನ ರೂಮನ್ನು ಹೊಗೆಯ ವಾಸನೆಯೆಂದು ಯಾರೂ ಕೇಳುವುದಿಲ್ಲ, ಹಾಗಾಗಿ ಬಾಡಿಗೆ ಅರ್ಧ, ಕೆಳಗಿನ ಒಲೆಯ ಬಿಸಿ ಪುಕ್ಕಟೆ. ಜಾರಲು ಕಲಿಸುವ ಮೇಷ್ಟ್ರ ಫೀಸನ್ನು ಒಬ್ಬರಿಗೆ ಮಾತ್ರ ಕೊಡುವುದು. ಆ ಒಬ್ಬರು (ಯಾರೆಂದು ಹೇಳಬೇಕಾಗಿಲ್ಲ) ಸಂಜೆ ರೂಮಿನಲ್ಲಿ ಇನ್ನೊಬ್ಬರಿಗೆ ವಿದ್ಯಾದಾನ ಮಾಡುವುದು. ರೂಮಿಗೆ ಮೂರು ಜನರ ಲೆಕ್ಕವೆಂದು ತಿಳಿದಾಗ ಮಾತ್ರ ಮಾಸ್ಟರು ಸ್ವಲ್ಪ ತಡವರಿಸಿದರು. ಒಂದು ಮಂಚ ಖಾಲಿ ಹೋಗುವುದನ್ನು ಅವರ ಹೊಟ್ಟೆ ಒಪ್ಪಲಿಲ್ಲ. ಹೀಗೆ ಅತ್ತೆಯವರೂ ಹೊರಟರು.

"ನಾನು ಜಾರೋದಿಲ್ಲಪ್ಪ, ನೋಡ್ತೀನಿ ಅಷ್ಟೇ," ಎಂದು ಅತ್ತೆ ಮೊದಲೇ ಹೇಳಿಬಿಟ್ಟರು.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಚಳಿಯುಡುಪಿನ ಬಾಡಿಗೆ ಪಟ್ಟಿ ಬಂತು. ಮೂರು ಜನರ ಉಡುಪಿನ ಬಾಡಿಗೆ ಮೂರು ಜನರ ಬಸ್ ಚಾರ್ಜಿಗಿಂತ ಜಾಸ್ತಿ! ಮಾಸ್ಟರು ದುಡ್ಡಿಗಲ್ಲ, ಮಾನಕ್ಕೆ ಅಂಜಿದರು.

"ಬಟ್ಟೆ ಬಾಡಿಗೆಗೆ? ನಾನು? ನನಗೆ ಬಟ್ಟೆ ಬಾಡಿಗೆಗಾ?"

ಅಟ್ಟದ ಮೇಲೆ ಗಿಳಿಹಸಿರು ಬಣ್ಣದ ಒಂದು ಸುರುಳಿ ಬಟ್ಟೆಯಿತ್ತು. ನೀರು ಸೋರುತ್ತದೆಂದು ಕೊಡೆ ಮಾಡುವವರೊಬ್ಬರು ಬಿಟ್ಟುಹೋದದ್ದು. ಮಾಸ್ಟರು ಅದನ್ನಿಳಿಸಿ, ಒಳಗೆ ಹಳೇ ರಜಾಯಿಯ ಹತ್ತಿ ತುಂಬಿ, ತಲೆಯಿಂದ ಕಾಲಿನವರೆಗೆ ಒಂದೇ ತುಂಡಿನ ಸೂಟು ಹೊಲಿಯತೊಡಗಿದರು. ಸೋರುವುದಕ್ಕೂ ಔಷಧಿ ಅವರ ಪೆಟ್ಟಿಗೆಯಲ್ಲೇ ಇತ್ತು: ದಾರಕ್ಕೆ ತಿಕ್ಕುವ ಮೇಣ. ಸೂಟಿನ ಹೊರಮೈಗೆ, ಅದರಲ್ಲೂ ಕೂರುವ ಕಡೆಗೆ, ಮೂರು ಸಲ ಮೇಣ ತಿಕ್ಕಿ ಬಿಸಿ ಇಸ್ತ್ರಿ ಎಳೆದರು. ಬಟ್ಟೆ ಕನ್ನಡಿಯ ಹಾಗೆ ಹೊಳೆಯಿತು. ನೀರು ಚಿಮುಕಿಸಿದರೆ ಹನಿ ನಿಲ್ಲದೆ ಓಡಿಹೋಯಿತು. ತಮ್ಮ ಬುದ್ಧಿಗೆ ತಾವೇ ಬೆರಗಾಗಿ ಮಾಸ್ಟರು ಅರ್ಧ ಗಂಟೆ ಆ ಹನಿಗಳ ಜೊತೆ ಆಡಿದರು.

ಹೆಂಡತಿಗೊಂದು, ಅತ್ತೆಗೊಂದು ಸೂಟು ಮುಗಿಯುವಷ್ಟರಲ್ಲಿ ಬಟ್ಟೆ ಮುಗಿಯಿತು. ಟೈಲರ ಮನೆಯಲ್ಲಿ ಟೈಲರ ಬಟ್ಟೆ ಯಾವತ್ತೂ ಕೊನೆಗೇ. ಮಾಸ್ಟರು ತಮ್ಮ ಹಳೆಯ ಉಣ್ಣೆ ಕೋಟಿಗೆ ಎರಡು ಗುಂಡಿ ಹಾಕಿಕೊಂಡು ತೃಪ್ತರಾದರು.

ಬಸ್ಸಿನಿಂದಿಳಿದು ಮೂವರೂ ತಲೆಯೆತ್ತಿದರು. ಮಾಸ್ಟರು ಜೀವಮಾನವಿಡೀ ಬಿಳಿ ಬಟ್ಟೆ ನೋಡಿದವರು. ಆದರೆ ಎಲ್ಲೂ ಒಂದು ಹೊಲಿಗೆಯಿಲ್ಲದೆ, ಅಂಚಿಲ್ಲದೆ, ಆಕಾಶದಿಂದ ಕಾಲಬುಡದವರೆಗೆ ಹಾಸಿದ ಇಂಥ ಬಿಳುಪನ್ನು ಅವರು ಕನಸಿನಲ್ಲೂ ಕಂಡಿರಲಿಲ್ಲ. ಅಷ್ಟು ದೊಡ್ಡ ಬೆಟ್ಟ ಅಷ್ಟು ಸದ್ದಿಲ್ಲದೆ ನಿಂತಿರುವುದನ್ನು ನೋಡಿ ಅವರಿಗೆ ಸಣ್ಣಗೆ ಭಯವಾಯಿತು, ಕಣ್ಣಲ್ಲಿ ನೀರೂ ಬಂತು. ಹೆಂಡತಿ ಮೆಲ್ಲಗೆ ಅವರ ತೋಳು ಹಿಡಿದುಕೊಂಡಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಮೇಲೆ ಬೀದಿಯಲ್ಲಿ ಅವಳು ತೋಳು ಹಿಡಿದದ್ದು ಅದೇ ಮೊದಲು.

"ನಿಜವಾಗ್ಲೂ ಕರ್ಕೊಂಡು ಬಂದ್ರಲ್ಲ ರೀ," ಎಂದಳು.

ಮರುದಿನ ತಂತಿಯಲ್ಲಿ ತೂಗುವ ಕುರ್ಚಿ ಮೂವರನ್ನೂ ಕಲಿಯುವವರ ಇಳಿಜಾರಿನ ತಲೆಗೆ ತಂದು ಬಿಟ್ಟಿತು. ಮಾಸ್ಟರ ಕಾಲಿಗೆ ಹಲಗೆ, ಕೈಯಲ್ಲಿ ಎರಡು ಕೋಲು. ಜಾರಾಟದ ಮೇಷ್ಟ್ರು "ಮಂಡಿ ಬಗ್ಗಿಸಿ ಸರ್, ಬೆನ್ನಲ್ಲ, ಮಂಡಿ!" ಎನ್ನುತ್ತಿದ್ದರು. ಮಾಸ್ಟರು ಹೆಂಡತಿಯ ಕಡೆ ತಿರುಗಿ, "ಸರಿಯಾಗಿ ನೋಡ್ಕೋ, ಸಂಜೆ ಕೇಳ್ತೀನಿ," ಎಂದರು. ಗಿಳಿಹಸಿರು ಸೂಟಿನೊಳಗೆ ಉಬ್ಬಿಕೊಂಡು ಕೈ ಕೆಳಗಿಳಿಸಲಾಗದೆ ನಿಂತಿದ್ದ ಅತ್ತೆಗೆ ಕಾಲು ಸೋತಿತು.

"ಅಳಿಯಂದ್ರೇ, ನೀವು ಕಲೀತಿರಿ. ನಾನು ಇಲ್ಲೇ ಒಂದು ಗಳಿಗೆ ಕೂತ್ಕೋತೀನಿ," ಎಂದು ಅತ್ತೆ ಕೂತರು.

ಕೂತರು ಎನ್ನುವುದು ಅಷ್ಟು ನಿಜವಲ್ಲ. ಕೂತ ಕ್ಷಣವೇ ಹೊರಟರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ನೋಡುವವರ ಎದೆ ಒಡೆಯುವ ಹಾಗೆ. ವಾರಗಟ್ಟಲೆ ಕಲಿತವರು ಅಂಕುಡೊಂಕಾಗಿ ಇಳಿಯುತ್ತಿದ್ದ ದಾರಿಯಲ್ಲಿ ಅತ್ತೆಯವರು ನೆಟ್ಟಗೆ, ಎರಡೂ ಕೈ ಮೇಲೆತ್ತಿಕೊಂಡು (ಕೆಳಗಿಳಿಯುತ್ತಿರಲಿಲ್ಲವಲ್ಲ) ಎಲ್ಲರನ್ನೂ ಹಿಂದೆ ಹಾಕಿದರು.

"ಅಮ್ಮಾ!" ಎಂದು ಕಿರುಚಿದ ಹೆಂಡತಿ ಹಿಂದುಮುಂದು ನೋಡದೆ ಓಡಿದಳು. ಮೂರನೆಯ ಹೆಜ್ಜೆಗೆ ಬಿದ್ದಳು. ಅವಳೂ ಹೊರಟಳು.

ಮೇಷ್ಟ್ರು ಬಾಣದಂತೆ ಹಿಂದೆಯೇ ಇಳಿದರು. ಮಾಸ್ಟರಿಗೆ ತಮ್ಮ ಜಗತ್ತಿನ ಎರಡು ಹಸಿರು ಚುಕ್ಕೆಗಳು ಕೆಳಗಿನ ಬಯಲಿನಲ್ಲಿ ಸೇರಿ ನಿಂತದ್ದು ಕಂಡಿತು, ಅಲುಗಾಡುವುದು ಕಾಣಲಿಲ್ಲ. ಕಡಿಮೆ ಖರ್ಚಿನ ಹುಚ್ಚಿಗೆ ಎರಡು ಜೀವ ತೆಗೆದೆನೇ ಎಂದುಕೊಂಡರು. ಹಲಗೆ ಬಿಚ್ಚಿ, ದೇವರ ಮೇಲೆ ಭಾರ ಹಾಕಿ, ಕಣ್ಣು ಮುಚ್ಚಿ ತಾವೂ ಹಿಮದ ಮೇಲೆ ಕೂತರು.

ಏನೂ ಆಗಲಿಲ್ಲ. ಉಣ್ಣೆ ಕೋಟು ಹಿಮಕ್ಕೆ ಅಂಟಿಕೊಂಡಿತು. ದಬ್ಬಿಕೊಂಡು ನೋಡಿದರು, ಗೇಣು ಮುಂದೆ ಹೋದರು. ಕೊನೆಗೆ ಅಡ್ಡಡ್ಡ ಹೆಜ್ಜೆಯಿಡುತ್ತ, ನಡುನಡುವೆ ತೆವಳುತ್ತ, ಮುಕ್ಕಾಲು ಗಂಟೆಯಲ್ಲಿ ಬಯಲು ಮುಟ್ಟಿದರು. ಅಲ್ಲಿ ಯಾರೂ ಇರಲಿಲ್ಲ! ಮಾಸ್ಟರು ಅಳುವುದೊಂದು ಬಾಕಿ. ಅಷ್ಟರಲ್ಲಿ ಮೇಲಿನಿಂದ ಕೇಕೆ ಕೇಳಿಸಿತು. ಅತ್ತೆ ಮುಂದೆ, ಮಗಳು ಅವರ ಸೊಂಟ ಹಿಡಿದು ಹಿಂದೆ, ಇಬ್ಬರೂ ಒಂದೇ ಗಾಡಿಯಾಗಿ ಬಂದು ಅವರ ಕಾಲಬುಡದಲ್ಲಿ ನಿಂತರು.

"ಎಲ್ಲಿ ಹೋಗಿದ್ರಿ ರೀ ಇಷ್ಟು ಹೊತ್ತು?" ಎಂದಳು ಹೆಂಡತಿ. ಕೆನ್ನೆ ಕೆಂಪಾಗಿತ್ತು, ಕೂದಲ ತುಂಬ ಹಿಮ. "ಇದು ನಾಲ್ಕನೇ ಸಲ!"

ಮಾಸ್ಟರಿಗೆ ಬೈಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು, ಎರಡೂ ಆಗಲಿಲ್ಲ. ಬೆಟ್ಟ ನೋಡಿದಾಗ ಆದ ಬೆರಗು ಹೆಂಡತಿಯನ್ನು ನೋಡಿದಾಗ ಮತ್ತೆ ಆಯಿತು. ಇಷ್ಟು ವರ್ಷ ಇವಳು ಇಷ್ಟು ಜೋರಾಗಿ ನಗಬಲ್ಲಳೆಂದು ತಮಗೆ ತಿಳಿದೇ ಇರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಜಾರಾಟದ ಮೇಷ್ಟ್ರು ಅತ್ತೆಯ ಸೂಟಿನ ತೋಳನ್ನು ಬೆರಳಲ್ಲಿ ಉಜ್ಜಿ ಮೂಸಿದರು.

"ಮೇಣನಾ ಸರ್? ಇಸ್ತ್ರಿ ಬೇರೆ ಹೊಡೆದಿದೀರಾ? ಹಲಗೆ ಜಾರ್ಲಿ ಅಂತ ನಾವು ಅದರ ತಳಕ್ಕೆ ಇದನ್ನೇ ಮಾಡೋದು. ನೀವು ಮನುಷ್ಯರನ್ನೇ ಹಲಗೆ ಮಾಡಿಬಿಟ್ಟಿದೀರಿ!" ಎಂದವರು ದನಿ ತಗ್ಗಿಸಿ, "ನನ್ನ ಹೆಂಡ್ತಿಗೆ ಒಂದು ಆಗುತ್ತಾ?" ಎಂದು ಕೇಳಿದರು.

"ಇಲ್ಲ, ನಾನು ರಜೆ ಮೇಲೆ..." ಎಂದು ಮಾಸ್ಟರು ಶುರುಮಾಡಿದರು.

"ಓಹೋ, ಹೊಲಿದುಕೊಡ್ತಾರೆ," ಎಂದಳು ಹೆಂಡತಿ.

ವಸತಿಗೃಹದೊಡತಿಯ ಅಡುಗೆಮನೆಯ ಮೂಲೆಯಲ್ಲಿ ಒಂದು ಹಳೆಯ ಹೊಲಿಗೆ ಮೆಷಿನ್ನು ಇತ್ತು. (ಇರಲೇಬೇಕೆ? ಇತ್ತು.) ಕೆಳಗಿನ ಬೀದಿಯ ಅಂಗಡಿಯಲ್ಲಿ ಕೊಡೆ ಬಟ್ಟೆಯೂ ಸಿಕ್ಕಿತು. ಉಳಿದ ದಿನಗಳೆಲ್ಲ ಹೆಂಡತಿ ಬೆಟ್ಟದ ಮೇಲಿಂದ ಒಬ್ಬೊಬ್ಬರನ್ನೇ ಅಳತೆಗೆ ಕಳಿಸುತ್ತ ಹೋದಳು. ಮಾಸ್ಟರು ಕಿಟಕಿಯ ಪಕ್ಕ ಕೂತು ಹೊಲಿದರು, ಮೇಣ ತಿಕ್ಕಿದರು, ಇಸ್ತ್ರಿ ಎಳೆದರು. ತಲೆಯೆತ್ತಿದಾಗಲೆಲ್ಲ ಆ ಬಿಳಿ ಬೆಟ್ಟದಲ್ಲಿ ಕೆಂಪು, ನೀಲಿ, ಹಳದಿ ಗಂಟುಗಳು ಕೇಕೆ ಹಾಕುತ್ತ ಇಳಿಯುತ್ತಿದ್ದವು. ತಮ್ಮ ಕೈಕೆಲಸ ಹಾಗೆ ಹಾರಿಹೋಗುವುದನ್ನು ನೋಡಿ ಮಾಸ್ಟರು ಮೈಮರೆತು ಎರಡು ಸಲ ಬೆರಳು ಚುಚ್ಚಿಕೊಂಡರು. ಹಿಮವನ್ನು ಮಾತ್ರ ಮತ್ತೆ ಮುಟ್ಟಲಾಗಲಿಲ್ಲ.

ಹೊರಡುವ ದಿನ ಹೆಂಡತಿ ಕುಣಿಯುತ್ತ ರೂಮಿಗೆ ಬಂದಳು.

"ರೀ, ಮುಂದಿನ ವರ್ಷದ ರೂಮು ಗೊತ್ತು ಮಾಡಿ ಬಂದೆ. ಬಾಡಿಗೆ ಪೂರ್ತಿ ಪುಕ್ಕಟೆ! ಊಟಾನೂ ಸೇರಿ."

ಮಾಸ್ಟರ ಮುಖ ಅರಳಿತು. ಕಡಿಮೆ ಖರ್ಚಿನ ರಜೆಯೆಂಬ ತಮ್ಮ ಮಹಾಯೋಜನೆ ಕೊನೆಗೂ ಗೆದ್ದಿತಲ್ಲ! "ಪುಕ್ಕಟೆನಾ? ಹೇಗೆ ಒಪ್ಪಿಸಿದೆ?"

"ಏನಿಲ್ಲ, ಓನರಮ್ಮನಿಗೆ ಬಾಡಿಗೆಗೆ ಕೊಡೋಕೆ ಜನ ಬರೋ ಮುಂಚೆ ಐವತ್ತು ಸೂಟು ರೆಡಿ ಇರ್ಬೇಕಂತೆ. ನೀವು ಒಂದು ತಿಂಗಳು ಮುಂಚೆ ಬಂದು ಕೂರ್ತೀರಿ ಅಂತ ಮಾತು ಕೊಟ್ಟಿದೀನಿ."

ಅತ್ತೆ ಅಳಿಯನ ಬೆನ್ನು ತಟ್ಟಿದರು. "ನೀವೇನೂ ಯೋಚನೆ ಮಾಡ್ಬೇಡಿ ಅಳಿಯಂದ್ರೇ, ಮುಂದೆ ಹೊರಡಿ. ಹಿಮ ಚೆನ್ನಾಗಿ ಬಿದ್ದ ಮೇಲೆ ನಾವು ಆರಾಮಾಗಿ ಬರ್ತೀವಿ."