ಮಾವನವರ ಕಿವಿ ಮತ್ತು ನನ್ನ ಆಂಪ್ಲಿಫೈಯರ್

ಕೆಲವರಿಗೆ ಹಾವಿನ ಅಂಜಿಕೆ, ಕೆಲವರಿಗೆ ಮೇಲಧಿಕಾರಿಯ ಅಂಜಿಕೆ. ಇವೆರಡನ್ನೂ ಹೇಗೋ ಸುಧಾರಿಸಿಕೊಂಡು ಹೋಗುವ ನಾನು ಹೆದರುವುದು ನಮ್ಮ ಗೋಕಾಕದ ಮನೆಗೆ ಕೈಯಾರೆ ತಂದಿಟ್ಟುಕೊಂಡ ಒಂದು ಡಬ್ಬಿಗೆ. ಕಂಪ್ಯೂಟರಿನಲ್ಲಿ ಅಂಕಿಗಳಾಗಿ ಕೂತ ಹಾಡನ್ನು ನಾದ ಮಾಡಿಕೊಡುವ ಈ ಅಂಗೈಯಗಲದ ಯಂತ್ರಕ್ಕೆ ಡ್ಯಾಕ್ ಎನ್ನುತ್ತಾರೆ. ಅದಕ್ಕೂ ಸ್ಪೀಕರಿಗೆ ಬಲ ತುಂಬುವ ಪವರ್ ಆಂಪ್ಲಿಫೈಯರಿಗೂ ನಡುವೆ ಸದ್ದು ಏರಿಸಿ ಇಳಿಸುವ ಇನ್ನೊಂದು ಪೆಟ್ಟಿಗೆ ಇರುವುದು ರೂಢಿ. ಅದೇಕೆ, ನಡುವೆ ದಲಾಲರು ಕಡಿಮೆಯಾದಷ್ಟೂ ಮಾಲು ಚೊಕ್ಕ ಎಂದು ಇಂಟರ್ನೆಟ್ಟಿನ ಪಂಡಿತರೊಬ್ಬರು ಬರೆದಿದ್ದರು. ನಂಬಿದೆ. ನೇರ ಜೋಡಿಸಿಬಿಟ್ಟೆ.

ಮೊದಲ ದಿನ ಆದದ್ದು ಕೇಳಿ. ಆಂಪ್ಲಿಫೈಯರಿಗೆ ವಾಲ್ಯೂಮ್ ಗುಂಡಿಯೇ ಇಲ್ಲ. ಇರುವುದು ಲ್ಯಾಪ್‌ಟಾಪಿನ ಪರದೆಯ ಮೇಲೊಂದು ಗೆರೆ. ಅದು ನೂರರಲ್ಲಿದ್ದುದನ್ನು ಈ ಮಹಾಶಯ ನೋಡಲಿಲ್ಲ. ತಂಬೂರಿಯ ಒಂದೇ ಮೀಟು, ಕಿಟಕಿಯ ಗಾಜು ನಡುಗಿತು. ಬಾಜೂ ಮನೆಯವರು ಸಿಲಿಂಡರ್ ಒಡೆಯಿತೇನು ಎಂದು ಓಡಿ ಬಂದರು. ಸ್ಪೀಕರ್ ಬದುಕಿತು, ನನ್ನ ಧೈರ್ಯ ಬದುಕಲಿಲ್ಲ. ಅಂದಿನಿಂದ ಗೆರೆ ಮೂರನ್ನು ದಾಟಿಲ್ಲ. ಎರಡಾದರೆ ಇನ್ನೂ ನೆಮ್ಮದಿ.

ಇಂಥದರಲ್ಲಿ ಯಮಕನಮರಡಿಯಿಂದ ಮಾವನವರು ಬಂದರು. ಮಠದ ಭಜನೆಯಲ್ಲಿ ನಲವತ್ತು ವರ್ಷದಿಂದ ಹಾರ್ಮೋನಿಯಂ ಪೇಟಿ ನುಡಿಸುವವರು; ಶ್ರುತಿ ಎಳ್ಳಷ್ಟು ತಪ್ಪಿದರೂ ಹುಬ್ಬು ಏರಿಸುವವರು. ಬಂದು ಕೇಳಿ ಎಂದು ಫೋನಿನಲ್ಲಿ ಕೊಚ್ಚಿಕೊಂಡವನೂ ನಾನೇ. ಸೋಫಾದ ಮೇಲೆ ಕೂರಿಸಿ, ವಚನಗಾಯನ ಹಚ್ಚಿ, ಗೆರೆಯನ್ನು ಮೂರಕ್ಕೆ ತಂದು, ಹೇಗಿದೆ ಎಂದೆ. ತುಸು ಮುಂದೆ ಬಾಗಿ, ಚಲೋ ಐತಿ ಎಂದು ತಲೆ ತೂಗಿದರು. ಮೆಚ್ಚಿದರಲ್ಲ ಎಂದು ಎರಡಕ್ಕೆ ಇಳಿಸಿದೆ. ಮತ್ತೂ ಚಲೋ ಐತಿ ಎಂದರು. ನಮ್ಮ ಕಡೆ ಅಳಿಯನ ಮನೆಯಲ್ಲಿ ಉಪ್ಪಿಲ್ಲದ ಪಲ್ಯವೂ ಚಲೋ ಇರುತ್ತದೆ. ಮಾವನ ಮಾತಿಗೆ ಅಳಿಯ ಮರುಪ್ರಶ್ನೆ ಹಾಕುವುದಿಲ್ಲ. ಹೀಗೆ ಎರಡು ದಿನ ನಡೆಯಿತು.

ಮೂರನೆಯ ದಿನ ಮಧ್ಯಾಹ್ನ ಹೆಂಡತಿ ಶೈಲಾ ನನ್ನನ್ನು ಅಡುಗೆಮನೆಗೆ ಕರೆದಳು. ಕಣ್ಣು ಕೆಂಪಾಗಿದ್ದವು.

"ಅಪ್ಪಾರ ಕಿವಿ ಹೋಗ್ಯಾವಂತರಿ. ಮಾತು ಕೇಳಸ್ತಾವಂತ, ಹಾಡು ಕೇಳಸವಲ್ದಂತ. ಊರಿಗೆ ಹೋದ ಕೂಡಲೇ ಪೇಟಿ ಮಠಕ್ಕ ಕೊಟ್ಟು ಬಿಡ್ತೀನಿ, ಇನ್ನ ಬಾರಸೂದಿಲ್ಲ ಅಂತ ಕುಂತಾರ."

ನಿಜ ಹೇಳಿದರೆ ಹೇಡಿ ಎನಿಸಿಕೊಳ್ಳಬೇಕು. ಹೇಳದಿದ್ದರೆ ಆ ಮನುಷ್ಯ ಬದುಕಿದ್ದಷ್ಟು ದಿನ ಪೇಟಿ ಮುಟ್ಟುವುದಿಲ್ಲ. ಮಾನ ಹೋದರೆ ಹೋಗಲಿ ಎಂದು ಹೊರಗೆ ಬಂದು ಅವರ ಎದುರು ನೆಲದ ಮೇಲೆ ಕೂತೆ.

"ಮಾವಾರ, ನಿಮ್ಮ ಕಿವಿಗೆ ಏನೂ ಆಗಿಲ್ಲರಿ. ನಾನ ಅಂಜಿ ಆವಾಜ ಸಣ್ಣಗ ಇಟ್ಟೀನ್ರಿ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಸದ್ದು ಏರಿಸುವುದು ಎಲ್ಲಿ ಎಂದಷ್ಟೇ ಕೇಳಿದರು. ಪರದೆಯ ಗೆರೆ ತೋರಿಸಿದೆ. ತಾವೇ ಬೆರಳಿಟ್ಟು ಸರಿಸಿದರು. ಹತ್ತು, ಇಪ್ಪತ್ತು, ಮೂವತ್ತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರ ಬೆರಳು ತೊಡೆಯ ಮೇಲೆ ಸ್ವರಗಳನ್ನು ಒತ್ತುತ್ತಿದ್ದವು, ಕೆನ್ನೆ ಒದ್ದೆಯಾಗಿತ್ತು.

"ಕೇಳಸಾಕತ್ತೈತಿ, ಶೈಲಾ" ಎಂದರು. ಅಷ್ಟೇ.

ಸಂಜೆಯವರೆಗೂ ಹಾಡು ನಡೆಯಿತು. ತಂದೆ ಮಗಳು ಮನಸಾರೆ ಕೇಳಿದರು. ಯಾವ ರಾಗ, ಯಾವ ವಚನ ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಅಷ್ಟೂ ಹೊತ್ತು ಆಂಪ್ಲಿಫೈಯರಿನ ಕರೆಂಟು ತೆಗೆಯುವ ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆ.